ಸ್ಟೇರಿಂಗ್‌ನಲ್ಲಿ ಆಟ ಜಾಸ್ತಿ ಇದೆ

ನಮ್ಮ ಮನೆಯಲ್ಲಿ ಎರಡು ಸ್ಟೇರಿಂಗುಗಳಿವೆ. ಒಂದು ಕಾರಿನಲ್ಲಿದೆ, ಅದು ನನ್ನಾಕೆಯ ಕೈಯಲ್ಲಿರುತ್ತದೆ. ಇನ್ನೊಂದು ಊಟದ ಮೇಜಿಗೆ ಕಚ್ಚಿಕೊಂಡಿದೆ, ಅದು ನನ್ನದು. ಮೊದಲನೆಯದು ಮಗನನ್ನು ಟ್ಯೂಷನ್ನಿಗೆ, ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ, ನನ್ನನ್ನು ಆಫೀಸಿಗೆ ತಲುಪಿಸುತ್ತದೆ. ಎರಡನೆಯದು ಎಂಟು ತಿಂಗಳಿಂದ ತಿರುಗುತ್ತಲೇ ಇದೆ. ಯಾರನ್ನೂ ಎಲ್ಲಿಗೂ ಮುಟ್ಟಿಸಿಲ್ಲ.

ಕಾರು ಓಡಿಸಲು ನನಗೆ ಬರುವುದಿಲ್ಲವೆಂದಲ್ಲ. ಲೈಸೆನ್ಸ್ ಇದೆ. ಅದರ ಫೋಟೊದಲ್ಲಿರುವ ಮನುಷ್ಯನಿಗೆ ತಲೆತುಂಬ ಕೂದಲಿದೆ, ಅಷ್ಟು ಹಳೆಯದು. ಕುವೆಂಪುನಗರದ ನಮ್ಮ ಮನೆಯ ಗೇಟಿನಿಂದ ಕಾರನ್ನು ರಿವರ್ಸ್ ತೆಗೆಯುವಾಗ ಒಮ್ಮೆ ಎದುರು ಮನೆಯ ಕಾಂಪೌಂಡಿಗೂ ನನಗೂ ಸಣ್ಣ ಭಿನ್ನಾಭಿಪ್ರಾಯ ಬಂತು. ಅಂದಿನಿಂದ ನಾನು ಎಡಗಡೆ ಸೀಟಿನವನು. ಎಡಗಡೆ ಸೀಟಿನಲ್ಲಿ ಬಹಳ ವರ್ಷ ಕೂತವನಿಗೆ ಬಲಗಾಲಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುವ ಅಭ್ಯಾಸವಾಗುತ್ತದೆ. ಆ ಬ್ರೇಕಿಗೆ ಒಂದು ನೆಲೆ ಕಾಣಿಸಬೇಕೆಂದು ಆಟದ ಸ್ಟೇರಿಂಗ್, ಪೆಡಲು ಎಲ್ಲ ತಂದೆ. ಮಗನ ಹುಟ್ಟುಹಬ್ಬಕ್ಕೆ ಎಂದು ಮನೆಯಲ್ಲಿ ಹೇಳಿದೆ. ಹದಿಮೂರರ ಮಗ ಎರಡು ದಿನ ಆಡಿ, 'ಚೆನ್ನಾಗಿದೆ ಅಪ್ಪಾ' ಎಂದು ಸಮಾಧಾನ ಹೇಳಿ, ಬ್ಯಾಟು ತೆಗೆದುಕೊಂಡು ಮೈದಾನಕ್ಕೆ ಹೋದ. ಅಪ್ಪ ಅಲ್ಲೇ ಉಳಿದ.

ಈ ಸ್ಟೇರಿಂಗಿನ ವಿಶೇಷವೆಂದರೆ ಅದು ತಿರುಗಿ ಬೀಳುತ್ತದೆ. ಅದರ ಹೊಟ್ಟೆಯೊಳಗೆ ಮೋಟಾರಿದೆ. ಪರದೆಯ ಮೇಲಿನ ಕಾರಿನ ಮುಂದಿನ ಟೈರುಗಳು ರಸ್ತೆಯನ್ನು ಎಷ್ಟು ಕಚ್ಚಿವೆ, ಯಾವ ಕಡೆ ಎಳೆಯುತ್ತಿವೆ ಎಂದು ಕಂಪ್ಯೂಟರು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಅದಕ್ಕೆ ತಕ್ಕ ಬಲದಿಂದ ಮೋಟಾರು ನಮ್ಮ ಕೈಯನ್ನು ಎಳೆಯುತ್ತದೆ. ನಾವು ಎಡಕ್ಕೆ ತಿರುಗಿಸಿದರೆ ಅದು ನೆಟ್ಟಗಾಗಲು ಹಟ ಮಾಡುತ್ತದೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೊಸದೇನಲ್ಲ. 1989ರಲ್ಲೇ ಅಟಾರಿ ಕಂಪನಿ ಹಾರ್ಡ್ ಡ್ರೈವಿನ್ ಎಂಬ, ನಾಣ್ಯ ಹಾಕಿ ಆಡುವ ಯಂತ್ರವನ್ನು ತಂದಿತ್ತು. ಅದರಲ್ಲಿ ಕೀ ಇತ್ತು, ಕ್ಲಚ್ ಇತ್ತು, ಆಡುವವನ ಕೈಯನ್ನೇ ಎಳೆದಾಡುವ ಸ್ಟೇರಿಂಗೂ ಇತ್ತು. ಅದೇ ವರ್ಷ ನಾನು ಹಾಸನದಲ್ಲಿ ಬಾಡಿಗೆ ಸೈಕಲ್ಲಿನ ಮೇಲೆ ಒಳಪೆಡಲು ಕಲಿಯುತ್ತಿದ್ದೆ. ಆ ಸೈಕಲ್ಲೂ ತಿರುಗಿ ಬೀಳುತ್ತಿತ್ತು, ನನ್ನ ಸಮೇತ.

ಬಲದ ಲೆಕ್ಕ ನ್ಯೂಟನ್ ಮೀಟರಿನಲ್ಲಿ. ಹತ್ತು ಸೆಂಟಿಮೀಟರ್ ಉದ್ದದ ಕೋಲನ್ನು ಅಡ್ಡಲಾಗಿ ಹಿಡಿದು ತುದಿಗೆ ಒಂದು ಕಿಲೋ ಸಕ್ಕರೆ ತೂಗುಹಾಕಿದರೆ ಬುಡ ಎಷ್ಟು ತಿರುಚಿಕೊಳ್ಳುತ್ತದೋ ಅದು ಹೆಚ್ಚುಕಡಿಮೆ ಒಂದು ನ್ಯೂಟನ್ ಮೀಟರ್. ನನ್ನದು ಗೇರಿನ ಸ್ಟೇರಿಂಗ್, ಎರಡು ಕಿಲೋ ಸಕ್ಕರೆಯ ಸಂಸಾರ. ಬೆಲ್ಟಿನದು ಇದಕ್ಕಿಂತ ಒಂದು ದರ್ಜೆ ಮೇಲೆ. ಎಲ್ಲಕ್ಕೂ ಮೇಲೆ ಡೈರೆಕ್ಟ್ ಡ್ರೈವ್: ನಡುವೆ ಗೇರೂ ಇಲ್ಲ, ಬೆಲ್ಟೂ ಇಲ್ಲ, ಮೋಟಾರಿನ ದಂಡಕ್ಕೇ ಚಕ್ರ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎಂಟು ನ್ಯೂಟನ್ ಮೀಟರಿನದು ಇದೆ. ಚಕ್ರದ ಅಂಚಿನಲ್ಲಿ ಅದು ಸುಮಾರು ಆರು ಕಿಲೋ ಅಕ್ಕಿ ಜಗ್ಗಿದ ಹಾಗೆ. 'ಹೆಬ್ಬೆರಳು ಒಳಗಿಡಬೇಡಿ' ಎಂದು ಅವರು ಮೊದಲೇ ಹೇಳಿದ್ದರು. ನಾನು ಒಳಗಿಟ್ಟೆ. ಪರದೆಯ ಮೇಲೆ ಕಾರು ತಡೆಬೇಲಿಗೆ ಗುದ್ದಿತು, ಇಲ್ಲಿ ಚಕ್ರ ಗರ್ರನೆ ತಿರುಗಿತು.

ಡಾಕ್ಟರು ಊದಿದ ಬೆರಳು ನೋಡಿ 'ಹೇಗಾಯ್ತು?' ಎಂದರು.

'ಆಕ್ಸಿಡೆಂಟು ಡಾಕ್ಟ್ರೇ.'

'ಎಲ್ಲಿ?'

ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು. 'ಜರ್ಮನಿಯಲ್ಲಿ' ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನಾಕೆಯ ಮುಖ ನೋಡಿದರು. 'ಇವರ ಫ್ರೆಂಡ್ ಮನೆ ಹಾಲಲ್ಲಿ ಡಾಕ್ಟ್ರೇ' ಎಂದು ಅವಳು ತಿದ್ದಿದಳು. ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ. ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎನ್ನುವುದನ್ನೂ ಅವಳಿಗೇ ಹೇಳಿದರು.

ಜರ್ಮನಿ ಎಂದದ್ದು ಸುಳ್ಳಲ್ಲ. ಅಲ್ಲಿನ ಐಫೆಲ್ ಗುಡ್ಡಗಳಲ್ಲಿ ನ್ಯೂರ್‌ಬುರ್ಗ್‌ರಿಂಗ್ ಎಂಬ ರೇಸಿನ ದಾರಿಯಿದೆ, 1927ರಲ್ಲಿ ತೆರೆದದ್ದು. ಕಾಡಿನೊಳಗೆ ಹತ್ತಿ ಇಳಿಯುವ ಅದರ ಉತ್ತರದ ಸುತ್ತೊಂದೇ 20.8 ಕಿಲೋಮೀಟರ್. ಇಟಲಿಯ ಕುನೋಸ್ ಸಿಮುಲಾಝಿಯೋನಿಯವರು 2014ರಲ್ಲಿ ಪೂರ್ಣವಾಗಿ ಹೊರತಂದ ಅಸೆಟ್ಟೊ ಕೊರ್ಸಾ ಎಂಬ ಆಟಕ್ಕೆ, ಆ ಇಡೀ ದಾರಿಯನ್ನು ಲೇಸರಿನಿಂದ ಅಳೆದು ಉಬ್ಬು ತಗ್ಗು ಸಮೇತ ಇಳಿಸಿದ್ದಾರೆ. ನಮ್ಮ ಬೀದಿಯ ಗುಂಡಿಗಳನ್ನು ಅಳೆಯಲು ಇದುವರೆಗೆ ಯಾರೂ ಲೇಸರ್ ತಂದಿಲ್ಲ. ಅವನ್ನು ನನ್ನಾಕೆ ಕಣ್ಣಳತೆಯಲ್ಲೇ ಇಟ್ಟುಕೊಂಡಿದ್ದಾಳೆ.

ಇನ್ನು ಪ್ರತಿಷ್ಠಾಪನೆಯ ವಿಚಾರ. ಸ್ಟೇರಿಂಗನ್ನು ಯಾವುದಾದರೂ ಗಟ್ಟಿ ವಸ್ತುವಿಗೆ ಕ್ಲ್ಯಾಂಪಿನಿಂದ ಬಿಗಿಯಬೇಕು. ನಮ್ಮ ಮನೆಯಲ್ಲಿ ಗಟ್ಟಿಯಾಗಿರುವುದು ಒಂದೇ, ಊಟದ ಮೇಜು. ಮೂಡಿಗೆರೆ ಕಡೆಯ ಮಾವನವರು ತಮ್ಮ ಹಿತ್ತಲ ಹಲಸಿನ ಮರ ಕೊಯ್ಸಿ, ಮಗಳಿಗೆಂದು ಮಾಡಿಸಿಕೊಟ್ಟದ್ದು. ಕ್ಲ್ಯಾಂಪು ಬಿಗಿದ ಕಡೆ ಎರಡು ಗಾಯ ಬಿದ್ದವು. ಸರಿಸಿ ಬಿಗಿದೆ, ನಾಲ್ಕಾದವು. ಮೇಲೆ ಹೂವಿನ ಚಿತ್ತಾರದ ಮೇಜುಬಟ್ಟೆ ಹಾಸಿದೆ. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ನಾನು ಸ್ವಂತ ಬುದ್ಧಿಯಿಂದ ತಂದ ಮೊದಲ ಅಲಂಕಾರದ ವಸ್ತು ಅದು. ನನ್ನಾಕೆಗೆ ಆಗಲೇ ಅನುಮಾನ ಬಂದಿತ್ತಂತೆ.

ಪೆಡಲಿನದು ಬೇರೆ ಕಥೆ. ನಮ್ಮದು ನುಣುಪು ಟೈಲ್ಸಿನ ನೆಲ. ಬ್ರೇಕ್ ಒತ್ತಿದಷ್ಟೂ ಪೆಡಲು ಗೋಡೆಯ ಕಡೆ ಜಾರುತ್ತದೆ. ಪೆಡಲಿನ ಹಿಂದೆ ಕಾಲು, ಕಾಲಿನ ಹಿಂದೆ ಸೊಂಟ. ಒಂದು ಸುತ್ತು ಮುಗಿಯುವ ಹೊತ್ತಿಗೆ ನಾನು ಮೇಜಿನ ಕೆಳಗೆ ಅನಂತಶಯನ ಮಾಡಿರುತ್ತಿದ್ದೆ. ಕಡೆಗೆ ಹಿತ್ತಲಲ್ಲಿ ಮೂಲೆಗುಂಪಾಗಿದ್ದ ಒರಳುಕಲ್ಲನ್ನು ನಾನೂ ಮಗನೂ ಉರುಳಿಸಿಕೊಂಡು ಬಂದು ಪೆಡಲಿಗೆ ಒತ್ತುಕೊಟ್ಟೆವು. ಪೆಡಲು ನಿಂತಿತು. ಕುರ್ಚಿ ಹೊರಟಿತು. ನನ್ನದು ಗಾಲಿ ಕುರ್ಚಿ. ಒತ್ತಿದ್ದು ಮುಂದಕ್ಕೆ ಹೋಗದಿದ್ದರೆ ಒತ್ತಿದವನು ಹಿಂದಕ್ಕೆ ಹೋಗಬೇಕು ಎಂದು ನ್ಯೂಟನ್ನನೇ ಬರೆದಿಟ್ಟಿದ್ದಾನೆ. ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದ ನಾನು ಕುರ್ಚಿ ಸಮೇತ ದೇವರ ಮನೆಯ ಹೊಸ್ತಿಲಿಗೆ ಹೋಗಿ ನಿಂತೆ. ಇದಕ್ಕೆ ಆಟದವರಲ್ಲಿ ಬಳಕೆಯಲ್ಲಿರುವ ಔಷಧ ಒಂದಿದೆ: ಕುರ್ಚಿಯ ಗಾಲಿಗಳನ್ನು ಶೂಗಳೊಳಗೆ ಇಳಿಸುವುದು. ಗಾಲಿ ಐದು. ನನ್ನವು ಎರಡು, ಮಗನ ಶಾಲೆಯವು ಎರಡು, ನನ್ನಾಕೆ ವಾಕಿಂಗಿಗೆ ಹಾಕುವುದು ಒಂದು. ಕುರ್ಚಿ ಕದಲಲಿಲ್ಲ. ಸೋಮವಾರ ಬೆಳಿಗ್ಗೆ ಮನೆಯವರೂ ಕದಲಲಿಲ್ಲ.

ಇಷ್ಟೆಲ್ಲ ಆದಮೇಲೆ ಅಸಲು ಕೆಲಸ ಶುರು, ಸೆಟ್ಟಿಂಗ್. ಗೇನ್, ಮಿನಿಮಮ್ ಫೋರ್ಸ್, ಫಿಲ್ಟರ್, ಡ್ಯಾಂಪರ್, ಕರ್ಬ್ ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್. ಒಂದೊಂದಕ್ಕೂ ನೂರು ಮೆಟ್ಟಿಲು. ಅದೂ ಎರಡೆರಡು ಕಡೆ: ಸ್ಟೇರಿಂಗಿನ ಸಾಫ್ಟ್‌ವೇರಿನಲ್ಲಿ ಒಮ್ಮೆ, ಆಟದೊಳಗೆ ಇನ್ನೊಮ್ಮೆ. ಅತ್ತೆಯೂ ಸೊಸೆಯೂ ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದ ಸಾರಿನ ರುಚಿ ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೊದಲು ಗೇನನ್ನು 95ಕ್ಕೆ ಏರಿಸಿದೆ. ಕಾಸು ಕೊಟ್ಟಿದ್ದೇನೆ, ಬಲ ಪೂರ್ತಿ ಬರಲಿ ಎಂಬ ಮಧ್ಯಮವರ್ಗದ ನ್ಯಾಯ. ಆದರೆ ಮೋಟಾರಿಗೆ ಒಂದು ಮಿತಿಯಿದೆ. ಆಟ ನಾಲ್ಕು ಕಿಲೋ ಎಳೆ ಎಂದರೂ ಎರಡು ಕಿಲೋದ ಮೋಟಾರು ಎರಡೇ ಎಳೆಯುತ್ತದೆ. ಮೂರು ಎಂದರೂ ಎರಡೇ. ಹೆಚ್ಚುಕಡಿಮೆಯೆಲ್ಲ ಚಪ್ಪಟೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನ ಮೈಕು ನೆನಪು ಮಾಡಿಕೊಳ್ಳಿ. ಆಂಪ್ಲಿಫೈಯರಿನ ಕಿವಿಯನ್ನು ಪೂರ್ತಿ ತಿರುವಿಟ್ಟಿರುತ್ತಾರೆ. ಭಕ್ತಿಗೀತೆ, ಬಹುಮಾನದ ಕೂಪನ್ ನಂಬರು, 'ಕೆಎ ಸೊನ್ನೆ ಒಂಬತ್ತು ಗಾಡಿ ದಯವಿಟ್ಟು ತೆಗೆಯಿರಿ' ಎಲ್ಲವೂ ಒಂದೇ ಒಡಕು ಗರ್ಜನೆ. ಸದ್ದು ಜೋರಾಗಿರುತ್ತದೆ, ಮಾತು ತಿಳಿಯುವುದಿಲ್ಲ. ನನ್ನ ಸ್ಟೇರಿಂಗ್ ತಿಂಗಳುಗಟ್ಟಲೆ ಹಾಗೆ ಗರ್ಜಿಸಿತು. ನಾನು ಅದನ್ನು ಫೀಲ್ ಎಂದುಕೊಂಡಿದ್ದೆ. ತೋಳು ನೋಯುತ್ತಿತ್ತು, ಅದನ್ನು ವ್ಯಾಯಾಮ ಎಂದುಕೊಂಡಿದ್ದೆ.

ಮಿನಿಮಮ್ ಫೋರ್ಸ್ ಇದರ ವಿರುದ್ಧದ ಕಾಯಿಲೆಗೆ ಮದ್ದು. ಗೇರಿನ ಸ್ಟೇರಿಂಗಿನಲ್ಲಿ ಹಲ್ಲುಗಳ ನಡುವಿನ ತಿಕ್ಕಾಟವೇ ಸಣ್ಣಪುಟ್ಟ ಬಲಗಳನ್ನು ನುಂಗಿಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಚ್ಚಲುಮನೆಯ ಬಾಗಿಲು ಮೆಲ್ಲಗೆ ತಳ್ಳಿದರೆ ಅಲ್ಲಾಡುವುದಿಲ್ಲವಲ್ಲ, ಹಾಗೆ. ಆದ್ದರಿಂದ ಎಷ್ಟೇ ಸಣ್ಣ ಬಲವಾದರೂ ಇಷ್ಟರಿಂದ ಶುರುವಾಗಲಿ ಎಂದು ಒಂದು ತಳಮಟ್ಟ ಕಟ್ಟಿಕೊಡಬೇಕು. ಕಡಿಮೆಯಾದರೆ ಸ್ಟೇರಿಂಗ್ ನಡುವೆ ಸತ್ತಂತಿರುತ್ತದೆ. ಹೆಚ್ಚಾದರೆ ನಟ್ಟನಡುವೆ ನಿಲ್ಲಲಾರದೆ ಎಡಕ್ಕೂ ಬಲಕ್ಕೂ ಕಟಕಟ ನಡುಗುತ್ತದೆ. ನಾನು ಹೆಚ್ಚು ಮಾಡಿದ್ದೆ. ಒಂದು ರಾತ್ರಿ ಕಾರನ್ನು ಪರದೆಯ ಮೇಲೆ ಓಡುವಂತೆಯೇ ಬಿಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಇನ್ನೇನು ಮಾಡುವುದೆಂದು ಹೋಗಿ ಮಲಗಿದೆ.

ಎರಡು ಗಂಟೆಗೆ ಕರೆಂಟು ಬಂತು. ಈ ಸ್ಟೇರಿಂಗುಗಳಿಗೆ ಒಂದು ಸಂಪ್ರದಾಯವಿದೆ: ಕರೆಂಟು ಸಿಕ್ಕ ಕೂಡಲೇ ತನ್ನ ಎಡದ ಕೊನೆ ಎಲ್ಲಿ, ಬಲದ ಕೊನೆ ಎಲ್ಲಿ ಎಂದು ತಿಳಿಯಲು ತಾನೇ ಪೂರ್ತಿ ತಿರುಗಿ ನೋಡಿಕೊಳ್ಳುತ್ತದೆ. ಅಮ್ಮ ಆ ಹೊತ್ತಿಗೆ ಬಚ್ಚಲಿಗೆಂದು ಎದ್ದಿದ್ದಳು. ಕತ್ತಲ ಹಾಲಿನಲ್ಲಿ, ಹೂವಿನ ಬಟ್ಟೆ ಹಾಸಿದ ಮೇಜಿನ ಮೇಲೆ, ಯಾರೂ ಮುಟ್ಟದ ಚಕ್ರವೊಂದು ಗರಗರನೆ ಎಡಕ್ಕೆ ತಿರುಗಿ, ಗರಗರನೆ ಬಲಕ್ಕೆ ತಿರುಗಿ, ನಡುವೆ ಬಂದು ಸುಮ್ಮನಾಯಿತು. ಅಮ್ಮ ಕಿರುಚಲಿಲ್ಲ. ಅವಳು ಗಟ್ಟಿಗಿತ್ತಿ. ದೇವರ ಮನೆಯಿಂದ ಕುಂಕುಮ ತಂದು ಚಕ್ರಕ್ಕೆ ಹಚ್ಚಿ, 'ಯಾರೇ ಆಗಿರಪ್ಪ, ಬೆಳಿಗ್ಗೆ ಮಾತಾಡೋಣ' ಎಂದು ಕೈಮುಗಿದು ಮಲಗಿದಳು. ಬೆಳಿಗ್ಗೆ ನನಗೆ ಆಜ್ಞೆಯಾಯಿತು. 'ಅದರ ಬಲ ಏನಿದೆಯೋ ಅದನ್ನ ಇಳಿಸು ಮಗಾ.' ಎರಡು ಗಂಟೆಯ ತಿರುಗಾಟಕ್ಕೂ ಸೆಟ್ಟಿಂಗಿಗೂ ಸಂಬಂಧವಿಲ್ಲವೆಂದು ವಿವರಿಸಲು ಹೊರಟು, ಅವಳ ಮುಖ ನೋಡಿ, ಮಿನಿಮಮ್ ಫೋರ್ಸನ್ನು ಸೊನ್ನೆಗೆ ಇಳಿಸಿದೆ.

ಪ್ರತಿ ದಿನದ ಅಂಕಿಗಳನ್ನು ಬರೆದಿಡಬೇಕಲ್ಲ, ಕೈಗೆ ಸಿಕ್ಕಿದ್ದು ಹಾಲಿನ ಲೆಕ್ಕದ ಡೈರಿ. ಒಂದು ತಿಂಗಳ ಕೊನೆಗೆ ಹಾಲಿನವನು ಬಂದಾಗ ಅಮ್ಮ ಕನ್ನಡಕ ಏರಿಸಿ ಓದಿದಳು. 'ಏನಯ್ಯ, ಮೂರನೇ ತಾರೀಕು ತೊಂಬತ್ತೈದು ಲೀಟರ್ ಹಾಕಿದ್ದೀಯಾ?' ಅವನು ಸ್ವಲ್ಪ ಹೊತ್ತು ಯೋಚಿಸಿ, 'ಹಾಕಿರ್ಬೋದು ಅಮ್ಮ' ಎಂದ.

ಇಷ್ಟು ತಿಂಗಳಲ್ಲಿ ನಾನು ಕಾರು ಓಡಿಸಿದ್ದಕ್ಕಿಂತ ಹೊಂದಿಸಿದ್ದೇ ಹೆಚ್ಚು. ಮೂರು ಗಂಟೆ ಹೊಂದಿಸಿ ಹತ್ತು ನಿಮಿಷ ಓಡಿಸುವುದು, ಮತ್ತೆ ನಿಲ್ಲಿಸಿ ಎರಡು ಅಂಕಿ ಬದಲಿಸುವುದು. ರಾಮನವಮಿಯ ಪೆಂಡಾಲಿನಲ್ಲಿ ಶ್ರುತಿ ಸರಿಮಾಡಿಕೊಳ್ಳುತ್ತಲೇ ಇದ್ದು ಸಮಯವಾಯಿತೆಂದು ಮಂಗಳ ಹಾಡಿ ಎದ್ದುಬಿಡುವ ವಿದ್ವಾಂಸರಿದ್ದರೆ ಅವರು ನನ್ನ ಗುರುಗಳು. 20.8 ಕಿಲೋಮೀಟರಿನ ಆ ಸುತ್ತನ್ನು ಎಲ್ಲೂ ಗುದ್ದದೆ ನಾನು ಒಮ್ಮೆಯೂ ಮುಗಿಸಿರಲಿಲ್ಲ. ತಪ್ಪು ಸೆಟ್ಟಿಂಗಿನದೇ ಎಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ.

ಹೀಗಿರುವಾಗ ಮಾವನವರು ದಸರೆಗೆ ಬಂದರು.

ಮಾವನವರು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರಾಗಿದ್ದವರು. ಸರ್ವೀಸಿನ ಬಹುಪಾಲು ಕಳೆದದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರುಮಾಡಿದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಡ. ಅದೂ ಪವರ್ ಸ್ಟೇರಿಂಗ್ ಇಲ್ಲದ ಬಸ್ಸುಗಳ ಕಾಲ. ಹೇರ್‌ಪಿನ್ ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು ಇಡೀ ಮೈಯನ್ನೇ ಚಕ್ರದ ಮೇಲೆ ಹಾಕಬೇಕಿತ್ತಂತೆ. ಅವರು ಸೌತೆಕಾಯಿ ಹೆಚ್ಚುವಾಗಲೂ ಭುಜ ಸೇರಿಸಿಯೇ ಹೆಚ್ಚುತ್ತಾರೆ.

ಬಂದವರು ಕೈಕಾಲು ತೊಳೆದು, ಕಾಫಿ ಕುಡಿದು, ಮೇಜುಬಟ್ಟೆ ಎತ್ತಿ ನೋಡಿದರು. ತಮ್ಮ ಹಲಸಿನ ಮರದ ನಾಲ್ಕು ಗಾಯಗಳ ಮೇಲೆ ಹೆಬ್ಬೆರಳು ಆಡಿಸಿದರು. ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಷ್ಟು ದಿನ ಕಾದದ್ದಕ್ಕೂ ಸಾರ್ಥಕವಾಯಿತೆಂಬ ಮುಖದಲ್ಲಿ ನೋಡುತ್ತಿದ್ದಳು.

'ಕ್ಲ್ಯಾಂಪು ಸರಿಯಾಗಿ ಕೂತಿಲ್ಲ ಅಳಿಯಂದ್ರೇ' ಎಂದರು ಮಾವ. 'ಹಲಸು, ತಡ್ಕಳುತ್ತೆ. ಇನ್ನೊಂದು ಸುತ್ತು ಬಿಗೀರಿ.'

ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು.

ಆಯುಧಪೂಜೆಯ ದಿನ ಕಾರು, ಸ್ಕೂಟರು, ಇಳಿಗೆಮಣೆ ಎಲ್ಲಕ್ಕೂ ಪೂಜೆಯಾಯಿತು. ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ ಅಭ್ಯಾಸವಾದವರು, ಆಟದ ಸ್ಟೇರಿಂಗನ್ನೂ ಬಿಡಲಿಲ್ಲ. 'ಸ್ಟೇರಿಂಗ್ ಅಂದ್ಮೇಲೆ ಸ್ಟೇರಿಂಗೇ' ಎಂದು ಅದಕ್ಕೂ ಚೆಂಡುಹೂವಿನ ಹಾರ ಹಾಕಿದರು. ಅಮ್ಮ ಹಳೆಯ ಕುಂಕುಮದ ಮೇಲೆ ಹೊಸದನ್ನು ಹಚ್ಚಿದಳು. ಆಗ ಮಗನಿಗೆ ಒಂದು ಶಾಸ್ತ್ರೀಯ ಸಂದೇಹ ಬಂತು.

'ತಾತಾ, ಇದಕ್ಕೆ ಚಕ್ರಾನೇ ಇಲ್ವಲ್ಲ, ನಿಂಬೆಹಣ್ಣು ಎಲ್ಲಿಡೋದು?'

ಮಾವನವರು ಸುತ್ತ ನೋಡಿ, 'ಕುರ್ಚಿಗೆ ಗಾಲಿ ಇದೆಯಲ್ಲೋ' ಎಂದರು. ಗಾಲಿಗಳು ಶೂಗಳಲ್ಲಿದ್ದವು. ಐದು ಶೂಗಳಿಗೆ ಐದು ನಿಂಬೆಹಣ್ಣು ಇಳಿಸಿದ್ದಾಯಿತು. ಮಂಗಳಾರತಿ ಆದಮೇಲೆ ನಾನು ಕೂತೆ. ಐದೂ ಒಟ್ಟಿಗೆ ಅಪ್ಪಚ್ಚಿಯಾದವು. ದೃಷ್ಟಿ ಹೋಯಿತೋ ಇಲ್ಲವೋ, ಮಗನ ಶಾಲೆಯ ಶೂ ದೀಪಾವಳಿಯವರೆಗೂ ಚಿತ್ರಾನ್ನದ ವಾಸನೆ ಬೀರುತ್ತಿತ್ತು.

'ನೀವೂ ಒಂದು ಸುತ್ತು ನೋಡಿ ಮಾವ' ಎಂದೆ. ಮರ್ಯಾದೆಗೆ ಅಂದದ್ದು. ಅವರು ಚಪ್ಪಲಿ ಬಿಟ್ಟು, ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಬಲಗೈ ಅಭ್ಯಾಸಬಲದಿಂದ ಮೇಲೆ ಹೋಗಿ, ಇಲ್ಲದ ಕನ್ನಡಿಯನ್ನು ಸರಿಮಾಡಿತು. ಆಮೇಲೆ ಸುಮ್ಮನೆ ಕೂತೇ ಇದ್ದರು. ನಾವು ಕಾದೆವು. ಅವರೂ ಕಾದರು. ಮೊದಲು ಹೊಳೆದದ್ದು ನನ್ನಾಕೆಗೆ. ಮಗನ ಕಿವಿಯಲ್ಲಿ ಏನೋ ಉಸುರಿದಳು. ಅವನು ಬೀರುವಿನ ಬಾಗಿಲನ್ನು ಧಡಧಡ ಬಡಿದು, 'ರೈಟ್! ರೈಟ್!' ಎಂದು ಕೂಗಿದ. ಮಾವನವರು ಗೇರು ಹಾಕಿದರು.

ಹಾಕಿದವರು ಮುಂದೆ ಹೋಗಲಿಲ್ಲ. ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಷ್ಟಷ್ಟೇ ಎಡಕ್ಕೂ ಬಲಕ್ಕೂ ಆಡಿಸಿದರು.

'ಸ್ಟೇರಿಂಗ್‌ನಲ್ಲಿ ಆಟ ಜಾಸ್ತಿ ಇದೆ' ಎಂದರು.

'ಆಟದ ಸ್ಟೇರಿಂಗೇ ಅಲ್ವಾ ಮಾವ' ಎಂದು ನಕ್ಕೆ. ಒಬ್ಬನೇ ನಕ್ಕೆ.

'ಅದಲ್ಲ. ನಡುವೆ ಒಂದು ಬೆರಳಷ್ಟು ಸುಮ್ನೆ ಓಡಾಡ್ತದೆ, ಏನೂ ಹಿಡೀತಿಲ್ಲ. ಇಷ್ಟು ಆಟ ಇಟ್ಕೊಂಡು ಗಾಡಿ ರೋಡಿಗೆ ತರಬಾರದು.'

ಅಮ್ಮನ ಆಜ್ಞೆಯ ಮೇಲೆ ಸೊನ್ನೆ ಮಾಡಿದ್ದ ಮಿನಿಮಮ್ ಫೋರ್ಸ್! ನಾನು ಕೀಬೋರ್ಡ್ ಹಿಡಿದು ಪಕ್ಕದಲ್ಲಿ ಕ್ಲೀನರನ ಹಾಗೆ ಕೂತೆ. ಒಂದೊಂದೇ ಅಂಕಿ ಏರಿಸಿದೆ. 'ಇನ್ನೊಂಚೂರು. ಇನ್ನೊಂಚೂರು. ಹಾಂ, ಈಗ ನಡುಗ್ತದೆ, ಒಂದು ಇಳಿಸಿ.' 11ಕ್ಕೆ ನಿಂತಿತು. ನಾನು ಇದೇ ಕೆಲಸಕ್ಕೆ ಗ್ರಾಫು ಬರೆಯುವ ತಂತ್ರಾಂಶ ಇಳಿಸಿಕೊಂಡು ಎರಡು ಭಾನುವಾರ ಕಳೆದಿದ್ದೆ.

ಮೊದಲ ನಾಲ್ಕು ತಿರುವು ಆದಮೇಲೆ ಇನ್ನೊಂದು ದೂರು. 'ಎಲ್ಲಾ ಒಂದೇ ಥರ ಗಟ್ಟಿ ಇದೆಯಲ್ಲ ಅಳಿಯಂದ್ರೇ. ಗಾಡಿ ಜಾರೋ ಹೊತ್ತಿಗೂ ಗಟ್ಟಿ ಇದ್ರೆ ನಮಗೆ ಗೊತ್ತಾಗೋದು ಹೇಗೆ? ಮಳೇಲಿ ಘಾಟಿ ಇಳಿಯೋವಾಗ ಸ್ಟೇರಿಂಗ್ ಹಗುರ ಆಯ್ತು ಅಂದ್ರೆ ಹೆದರಬೇಕು. ಭಾರ ಇರೋವರೆಗೂ ಗಾಡಿ ನಮ್ಮದು. ಹಗುರ ಆಯ್ತೋ, ಅದು ಕಣಿವೇದು.'

ನಾನು ಮೂರು ವಾರ ಓದಿದ್ದೂ ಇದನ್ನೇ. ತಿರುವಿನಲ್ಲಿ ಟೈರು ನೆಲವನ್ನು ಒತ್ತುವ ಜಾಗ, ಚಕ್ರದ ನಡುಗಂಬಕ್ಕಿಂತ ತುಸು ಹಿಂದೆ ಇರುತ್ತದೆ. ಆ ಹಿಂದಿನ ಎಳೆತವೇ ಸ್ಟೇರಿಂಗನ್ನು ನೆಟ್ಟಗಾಗಿಸುವ ಬಲ. ಟೈರಿನ ಹಿಡಿತ ಪೂರ್ತಿ ಕೊನೆಗೆ ಮುಟ್ಟುವ ಮೊದಲೇ ಈ ಬಲ ಕುಸಿಯತೊಡಗುತ್ತದೆ. ಅಂದರೆ ಜಾರುವ ಮುಂಚೆ ಸ್ಟೇರಿಂಗ್ ಹಗುರವಾಗಿ ಸುದ್ದಿ ಕೊಡುತ್ತದೆ. ಗದ್ದಲ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಎಚ್ಚರವಾಗಬೇಕು ಎಂಬುದಕ್ಕೆ ಮನೆಯೊಳಗಿನಿಂದಲೇ ಉದಾಹರಣೆ ಕೊಡಬಹುದು. ಕೊಡುವುದಿಲ್ಲ, ಈ ಲೇಖನವನ್ನು ಮೊದಲು ಓದುವವಳು ಅವಳೇ. ಇಷ್ಟೆಲ್ಲ ಓದಿಯೂ ಗೇನನ್ನು 95ರಲ್ಲಿಟ್ಟು, ಆ ಹಗುರದ ಸುದ್ದಿ ಕೈಗೆ ಸಿಗದ ಹಾಗೆ ನಾನೇ ಮುಚ್ಚಿಹಾಕಿದ್ದೆ. ಇಳಿಸುತ್ತಾ ಬಂದೆವು. 62ರಲ್ಲಿ 'ಈಗ ಉಸಿರಾಡ್ತಿದೆ' ಎಂದರು.

ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ಮುಖ ಸಿಂಡರಿಸಿದರು. 'ರೋಡು ಒಂದು ಹೇಳ್ತಿದೆ. ನಡುವೆ ಇನ್ಯಾರೋ ಬಾಯಿ ಹಾಕ್ತಿದಾರೆ.' ಅದು ಕರ್ಬ್, ರೋಡ್, ಸ್ಲಿಪ್ ಎಫೆಕ್ಟುಗಳು. ಟೈರಿನ ಲೆಕ್ಕದಿಂದ ಬರುವ ಬಲಕ್ಕೆ ಒಗ್ಗರಣೆಯಾಗಿ ಆಟದವರು ಮೇಲಿನಿಂದ ಬೆರೆಸಿಕೊಡುವ ನಡುಕ. ಮೂರನ್ನೂ ಸೊನ್ನೆ ಮಾಡಿದೆ. ಮಾವನವರು ತಲೆಯಾಡಿಸಿ, ಕುತ್ತಿಗೆ ಸಡಿಲಿಸಿಕೊಂಡು, ಘಾಟಿ ಇಳಿಯುವ ಗಾಂಭೀರ್ಯದಿಂದ ಹೊರಟರು.

ರೇಸಿನ ಕಾರು. ಗಂಟೆಗೆ ಮೂವತ್ತೈದು ಕಿಲೋಮೀಟರ್. ಎದುರು ಕಾಣದ ಪ್ರತಿ ತಿರುವಿನಲ್ಲೂ ಹಾರ್ನ್ ಹುಡುಕಿದರು. ಸಿಗದಿದ್ದಾಗ ಬಾಯಲ್ಲೇ ಸಣ್ಣಗೆ 'ಪೋಂ' ಎಂದರು. ಕಂಪ್ಯೂಟರಿನ ಕಾರೊಂದು ಹಿಂದಿನಿಂದ ಬಂದಾಗ ಬದಿಗೆ ಸರಿದು, ಬಲಗೈ ಬೀಸಿ ಸೈಡ್ ಕೊಟ್ಟರು. ಕಾರುಸೆಲ್ ಎಂಬ ಪ್ರಸಿದ್ಧ ತಿರುವು ಬಂತು. ಅಲ್ಲಿ ಒಳಬದಿಗೆ ಓರೆಯಾಗಿ ಕಾಂಕ್ರೀಟು ಹಾಸಿದ್ದಾರೆ. ರೇಸಿನವರೆಲ್ಲ ಅದರೊಳಗೆ ಇಳಿದೇ ತಿರುಗುವುದು. 'ಅದರೊಳಗೆ ಇಳಿಸಿ ಮಾವ' ಎಂದೆ. 'ಚರಂಡಿ ಕಣ್ರೀ ಅದು! ಪ್ಯಾಸೆಂಜರ್ ಇದಾರೆ' ಎಂದು ಗದರಿಸಿ ಹೊರಬದಿಯಲ್ಲೇ ತಿರುಗಿಸಿದರು. ನಡುದಾರಿಯಲ್ಲಿ ಎಡಕ್ಕೆ ನಿಲ್ಲಿಸಿ, ಗೇರು ತೆಗೆದು, ಮಗಳು ತಂದ ಕಾಫಿ ಕುಡಿದರು. ಕುಡಿದು ಲೋಟ ಕೊಟ್ಟು, ಮೊಮ್ಮಗನ ಕಡೆ ನೋಡಿದರು. ಬೀರು ಮತ್ತೆ ಬಡಿಯಿತು.

ಕಾಫಿ ಹೊತ್ತು ಬಿಟ್ಟು ಮೂವತ್ತಾರು ನಿಮಿಷ. 20.8 ಕಿಲೋಮೀಟರಿನಲ್ಲಿ ಒಂದು ಗೀರು ಇಲ್ಲ. ನಮ್ಮ ಮನೆಯಲ್ಲಿ ಆ ಸುತ್ತು ಗುದ್ದದೆ ಮುಗಿದದ್ದು ಅದೇ ಮೊದಲು. 'ನಮ್ಮ ಚಾರ್ಮಾಡಿ ಥರಾನೇ ಇದೆ' ಎಂದು ಎದ್ದರು ಮಾವ. 'ದನ ಇಲ್ಲ, ಮಂಗ ಇಲ್ಲ, ಎದುರಿಗೆ ಲಾರಿ ಇಲ್ಲ. ಸುಖದ ರೂಟು.'

ಆ ರಾತ್ರಿ ಹಾಲಿನ ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ: 62, 11, 0, 0, 0. ಎಲ್ಲರೂ ಮಲಗಿದ ಮೇಲೆ ನಾನೂ ಕೂತೆ. ಸುಳ್ಳು ಹೇಳಬಾರದು, ಅದ್ಭುತವಾಗಿತ್ತು. ಟೈರು ಜಾರುವ ಮುಂಚೆ ಕೈಯಲ್ಲಿ ಆ ಹಗುರ ಬಂದದ್ದು ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾಗಿಯೂ ಗುದ್ದಿದೆ, ಆ ಮಾತು ಬೇರೆ. ಆದರೆ ಇಷ್ಟು ದಿನ ಯಾಕೆ ಗುದ್ದಿದೆನೆಂದೇ ತಿಳಿಯುತ್ತಿರಲಿಲ್ಲ. ಈಗ ಕಾರಣಸಮೇತ ಗುದ್ದುತ್ತಿದ್ದೆ.

ಎರಡು ದಿನ ಬಿಟ್ಟು ಮಾವನವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆವು. ಅವರು ಬಸ್ಸು ಹತ್ತಿ, ಡ್ರೈವರನ ಹಿಂದಿನ ಸೀಟು ಹಿಡಿದು, ನಿಂತ ಬಸ್ಸಿನಲ್ಲೇ ಅವನಿಗೆ ಏನೋ ಸಲಹೆ ಕೊಡಲು ಶುರುಮಾಡಿದ್ದರು. ನನ್ನಾಕೆ ಕಾರಿನ ಕೀಯನ್ನು ನನ್ನ ಕೈಗಿಟ್ಟಳು.

'ಇವತ್ತು ನೀವೇ ಓಡಿಸ್ರೀ. ಎಂಟು ತಿಂಗಳು ಪ್ರಾಕ್ಟೀಸ್ ಆಗಿದೆಯಲ್ಲ.'

ವ್ಯಂಗ್ಯವೋ ವಿಶ್ವಾಸವೋ ನೋಡುತ್ತ ಕೂರಲಿಲ್ಲ. ಹತ್ತಿದೆ. ರಿವರ್ಸ್ ಬೇಕಾಗಲಿಲ್ಲ, ದೇವರು ದೊಡ್ಡವನು. ಊರೊಳಗಿನ ಗದ್ದಲ ಬೇಡವೆಂದು, ಅದಕ್ಕಿಂತ ಹೆಚ್ಚಾಗಿ ಫೀಲ್ ನೋಡಬೇಕೆಂದು, ಸುತ್ತುಬಳಸಿ ರಿಂಗ್ ರೋಡಿಗೆ ತಂದೆ. ನಲವತ್ತು, ಐವತ್ತು. ಹೆಬ್ಬೆರಳುಗಳನ್ನು ಚಕ್ರದ ಹೊರಗೇ ಇಟ್ಟುಕೊಂಡಿದ್ದೆ. ಹೌದು, ಮಾತಾಡುತ್ತಿತ್ತು! ನಿಜವಾದ ಸ್ಟೇರಿಂಗ್ ಎಡಕ್ಕೆ ಮೆಲ್ಲಗೆ, ಒಂದೇ ಸಮನೆ ಎಳೆಯುತ್ತಿತ್ತು.

'ನೋಡಿದ್ಯಾ' ಎಂದೆ. 'ಮಳೆನೀರು ಹರಿದುಹೋಗಲಿ ಅಂತ ರಸ್ತೇನ ನಡುವೆ ಎತ್ತರ ಮಾಡಿ ಅಂಚಿಗೆ ಇಳಿಜಾರು ಕೊಟ್ಟಿರ್ತಾರೆ. ಆ ಇಳಿಜಾರಿಗೆ ಗಾಡಿ ಎಡಕ್ಕೆ ಎಳೆಯುತ್ತೆ. ಮಾಮೂಲಿ ಜನಕ್ಕೆ ಇದು ಗೊತ್ತೇ ಆಗಲ್ಲ. ಅಭ್ಯಾಸ ಇರೋ ಕೈಗೆ ಎಷ್ಟು ಚೆನ್ನಾಗಿ ಸಿಗುತ್ತೆ ನೋಡು. ಎಂಥಾ ಡೀಟೇಲು!'

ಅವಳು ಏನೂ ಅನ್ನಲಿಲ್ಲ.

'ಸ್ವಲ್ಪ ಜಾಸ್ತಿನೇ ಇದೆ. ಗೇನು ಒಂದು ಎಪ್ಪತ್ತರ ಹತ್ತಿರ ಇರ್ಬೇಕು. ನನ್ನ ಕೇಳಿದ್ರೆ ಅರವತ್ತೆರಡಕ್ಕೆ…'

'ರೀ.'

'ಹೇಳು.'

'ಎಡಕ್ಕೆ ಎಳೀತಿದೆಯಾ?'

'ಅದನ್ನೇ ಅಲ್ವಾ ಇಷ್ಟು ಹೊತ್ತು ಹೇಳ್ತಿರೋದು.'

'ನಿಲ್ಸಿ.'

ನಿಲ್ಲಿಸಿದೆ. ಇಳಿದು ನೋಡಿದಳು. ಮುಂದಿನ ಎಡಗಡೆ ಟೈರು ರಸ್ತೆಯ ಮೇಲೆ ಮುದ್ದೆಯ ಹಾಗೆ ಕೂತಿತ್ತು. ಅದರೊಳಗೆ ಎರಡು ಇಂಚಿನ ಮೊಳೆ.

ಅದೃಷ್ಟಕ್ಕೆ ಅರ್ಧ ಫರ್ಲಾಂಗಿನಲ್ಲೇ ಪಂಕ್ಚರ್ ಅಂಗಡಿಯಿತ್ತು. ಹುಡುಗ ಮೊಳೆ ಕಿತ್ತು, ದಾರ ತುರುಕಿ, ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಿದ. ನಾನು ಪಕ್ಕದಲ್ಲಿ ನಿಂತು, ತುಂಬಾ ಹೊತ್ತಿನಿಂದ ಗೊತ್ತಿದ್ದವನ ಹಾಗೆ ತಲೆಯಾಡಿಸುತ್ತಿದ್ದೆ. ಅವನು ಗಾಳಿಯ ಪೈಪು ಹಿಡಿದು ನನ್ನ ಕಡೆ ತಿರುಗಿದ.

'ಎಷ್ಟು ಹೊಡೀಲಿ ಸಾರ್?'

ತಲೆಯೊಳಗೆ ಅಂಕಿಗಳಿಗೇನೂ ಬರವಿರಲಿಲ್ಲ. ಬಾಯಿ ತೆರೆದೆ. 'ಅರವತ್ತೆರಡು' ಎಂದು ಹೊರಬಂತು.

ಹುಡುಗ ಟೈರು ನೋಡಿದ. ನನ್ನನ್ನು ನೋಡಿದ. ಆಮೇಲೆ, ಆ ಡಾಕ್ಟರರ ಹಾಗೆಯೇ, ನನ್ನಾಕೆಯನ್ನು ನೋಡಿದ.

'ಮೂವತ್ಮೂರು ಹೊಡಿಯಪ್ಪ' ಎಂದಳು ಅವಳು. 'ಸ್ಟೆಪ್ನೀನೂ ನೋಡಿಬಿಡು.'

ಆಮೇಲೆ ನನ್ನ ಕಡೆ ಕೈ ಚಾಚಿದಳು. ಕೀ ಕೊಟ್ಟೆ.